ಹಾಡಿಸುವವರಿಗೆ ಕಲಿಸುವವರು ಯಾರು?

‘ಕಂಡಕ್ಟರು’ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವ ಮೂರ್ತಿ ಬಸ್ಸಿನದು. ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟ್ಟಿನ ಯಂತ್ರ, ಬಾಯಲ್ಲಿ ‘ರೈಟ್ ರೈಟ್’ ಎಂಬ ಕೂಗು. ಆದರೆ ಸಂಗೀತ ಪ್ರಪಂಚದಲ್ಲಿಯೂ ಒಬ್ಬ ಕಂಡಕ್ಟರುಂಟು. ಹಲವರು ಕೂಡಿ ಹಾಡುವಾಗ ಅವರ ಮುಂದೆ ನಿಂತು, ಕೈಸನ್ನೆಯಿಂದಲೇ ಹಾಡನ್ನು ಹೊರಡಿಸಿ, ನಡೆಸಿ, ನಿಲ್ಲಿಸುವವನು ಆತ. ಈ ಲೇಖನದಲ್ಲಿ ಅವನನ್ನು ವೃಂದನಾಯಕನೆಂದು ಕರೆಯುತ್ತೇನೆ. ಇಬ್ಬರ ಕೆಲಸಕ್ಕೂ ಒಂದು ಹೋಲಿಕೆಯಿದೆ. ಗಾಡಿ ಸಕಾಲಕ್ಕೆ ಹೊರಡಬೇಕು. ಯಾರನ್ನೂ ದಾರಿಯಲ್ಲಿ ಬಿಡದೆ ಎಲ್ಲರನ್ನೂ ಒಟ್ಟಿಗೆ ಊರು ಮುಟ್ಟಿಸಬೇಕು. ಆದರೆ ಒಂದು ವ್ಯತ್ಯಾಸವೂ ಇದೆ. ಬಸ್ಸಿನ ಕಂಡಕ್ಟರಿಗೆ ಪರವಾನಗಿ ಬೇಕು. ಹಾಡಿನ ಕಂಡಕ್ಟರಿಗೆ ನಮ್ಮಲ್ಲಿ ಏನೂ ಬೇಡ. “ನಿಮ್ಮ ಕಂಠ ಚೆನ್ನಾಗಿದೆ, ಈ ಹುಡುಗರಿಗೆ ಒಂದು ಪ್ರಾರ್ಥನೆ ಕಲಿಸಿಬಿಡಿ” ಎಂಬ ಒಂದು ಮಾತು ಸಾಕು!

ನಮ್ಮ ಕಾಲೇಜಿನ ಮಾತನ್ನೇ ತೆಗೆದುಕೊಳ್ಳೋಣ. ಎರಡು ವರ್ಷಗಳ ಹಿಂದೆ ಇಲ್ಲಿ ಒಂದು ವೃಂದಗಾನದ ತಂಡವಿದ್ದುದನ್ನು ಹಿರಿಯ ವಿದ್ಯಾರ್ಥಿಗಳು ಮರೆತಿರಲಾರರು. ಚರಿತ್ರೆಯ ಅಧ್ಯಾಪಕಿಯೊಬ್ಬರು ಸಂಜೆ ನಾಲ್ಕರ ಗಂಟೆ ಹೊಡೆದ ಮೇಲೆ ನಮ್ಮಲ್ಲಿ ಇಪ್ಪತ್ತೆಂಟು ಮಂದಿಯನ್ನು ಕೊನೆಯ ಕೊಠಡಿಯಲ್ಲಿ ಸೇರಿಸಿ ಹಾಡಿಸುತ್ತಿದ್ದರು. ಅವರೇನೂ ಹೆಸರಾಂತ ಗಾಯಕಿಯಲ್ಲ. ಆದರೂ ಐದೂಕಾಲರ ಬಸ್ಸು ತಪ್ಪಿದರೆ ತಪ್ಪಲೆಂದು ಹಳ್ಳಿಯ ಹುಡುಗರೂ ನಿಲ್ಲುತ್ತಿದ್ದರು. ಆ ಬೇಸಿಗೆಯಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಹಾರ ಹಾಕಿದೆವು, ಭಾಷಣ ಮಾಡಿದೆವು, ಕಣ್ಣೊರಸಿಕೊಂಡೆವು. ಕಾಲೇಜು ಮತ್ತೆ ತೆರೆದಾಗ ಇಪ್ಪತ್ತೆಂಟು ಹದಿನೈದಾಯಿತು. ದಸರೆಯ ಹೊತ್ತಿಗೆ ಆರಾಯಿತು. ಆಮೇಲೆ ತಂಡವೇ ಇಲ್ಲವಾಯಿತು. ಈಗ ಸಮಾರಂಭಗಳಲ್ಲಿ ಪ್ರಾರ್ಥನೆಯನ್ನು ಮೊಬೈಲಿನಿಂದ ಧ್ವನಿವರ್ಧಕಕ್ಕೆ ಹಚ್ಚುತ್ತಾರೆ. ನಾವು ಎದ್ದು ನಿಂತು ಯಂತ್ರಕ್ಕೆ ಗೌರವ ಸಲ್ಲಿಸಿ ಕುಳಿತುಕೊಳ್ಳುತ್ತೇವೆ.

ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಸರ್ಕಾರಿ ನೌಕರಿಯಲ್ಲಿ ವರ್ಗವೆಂಬುದು ಮಳೆ ಬಿಸಿಲುಗಳಂತೆ ಸಹಜವಾದುದು. ಕೊರತೆಯಿದ್ದದ್ದು ಬೇರೆಡೆಯಲ್ಲಿ. ನಮಗೆ ಹನ್ನೆರಡು ಹಾಡುಗಳು ಬಾಯಿಗೆ ಬರುತ್ತಿದ್ದವು. ಒಂದನ್ನಾದರೂ ಇನ್ನೊಬ್ಬರಿಂದ ಹಾಡಿಸುವುದು ನಮ್ಮಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಆ ವಿದ್ಯೆಯೆಲ್ಲ ಆ ಅಧ್ಯಾಪಕಿಯ ತಲೆಯಲ್ಲಿಯೂ ಕೈಯಲ್ಲಿಯೂ ಇದ್ದಿತು. ಅವರೊಂದಿಗೇ ಬಸ್ಸು ಹತ್ತಿ ಹೊರಟುಹೋಯಿತು. ವೃಂದಗಾನ ಉಳಿಯಬೇಕಾದರೆ ಹಾಡುವವರು ಇದ್ದರೆ ಸಾಲದು. ಹಾಡಿಸುವವರು ಕಲಿಯಬೇಕು, ಕಲಿಯುತ್ತಲೇ ಇರಬೇಕು, ಮತ್ತು ಒಬ್ಬಂಟಿಗರಾಗಿ ಉಳಿಯಬಾರದು. ಇದಿಷ್ಟೇ ನನ್ನ ವಾದ.

ಕಲಿಯದವರು ಹಾಡಿಸಿದರೆ ಆಗುವ ಹಾನಿ ಎಂಥದೆಂಬುದು ನನಗೆ ಸ್ವಂತ ಅನುಭವದಿಂದ ಗೊತ್ತು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಸ್ವಾತಂತ್ರ್ಯ ದಿನಾಚರಣೆಯ ಹಾಡಿನ ಅಭ್ಯಾಸ ನಡೆಯುತ್ತಿದ್ದಿತು. ಉಪಾಧ್ಯಾಯರು ಸಾಲಿನಲ್ಲಿ ಕಿವಿಗೊಡುತ್ತ ಬಂದು ನನ್ನ ಮುಂದೆ ನಿಂತು, “ನೀನು ಸುಮ್ಮನೆ ತುಟಿ ಆಡಿಸು, ಸ್ವರ ಹೊರಡಿಸಬೇಡ” ಎಂದರು. ಮುಂದಿನ ಒಂಬತ್ತು ವರ್ಷ ನಾನು ತುಟಿಯನ್ನೇ ಆಡಿಸಿದೆ. ದೇವಸ್ಥಾನದ ಭಜನೆಯಲ್ಲಿಯೂ ನನ್ನ ಬಾಯಿಂದ ಸ್ವರ ಹೊರಡಲಿಲ್ಲ. ಈ ಕಾಲೇಜಿಗೆ ಬಂದಾಗ ಆ ಚರಿತ್ರೆಯ ಅಧ್ಯಾಪಕಿ ಮಾಡಿದ್ದು ಒಂದು ಸಣ್ಣ ಕೆಲಸ. ಶ್ರುತಿಯಲ್ಲಿ ಗಟ್ಟಿಯಾಗಿ ನಿಲ್ಲುವ ಇಬ್ಬರ ನಡುವೆ ನನ್ನನ್ನು ನಿಲ್ಲಿಸಿದರು. ಹಾಡನ್ನು ಎರಡು ಸ್ವರ ಕೆಳಕ್ಕೆ ಇಳಿಸಿದರು. “ಮೊದಲು ಕೇಳು, ಆಮೇಲೆ ಸೇರು” ಎಂದರು. ಮೂರು ವಾರಗಳಲ್ಲಿ ನಾನು ಎಲ್ಲರೊಡನೆ ಹಾಡುತ್ತಿದ್ದೆ. ನನ್ನ ಹಳೆಯ ಉಪಾಧ್ಯಾಯರು ಕ್ರೂರಿಗಳೇನೂ ಅಲ್ಲ. ಸ್ವರ ಸೇರದ ಮಗುವನ್ನು ಸೇರಿಸಿಕೊಳ್ಳುವ ಉಪಾಯವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಹೀಗೆ ತುಟಿ ಮಾತ್ರ ಆಡಿಸುತ್ತ ಬೆಳೆದವರು ಈ ಸಂಚಿಕೆಯ ವಾಚಕರಲ್ಲಿಯೂ ಕೆಲವರು ಇದ್ದಾರೆಂದು ನನ್ನ ನಂಬಿಕೆ.

ವೃಂದನಾಯಕನು ಕಲಿಯಬೇಕಾದುದಾದರೂ ಏನು? ಹಾಡು ಬಂದರೆ ಸಾಲದೆ? ಸಾಲದು. ಮೊದಲನೆಯದು ಶ್ರುತಿಯ ಆಯ್ಕೆ. ಗಂಡಸರ ಕಂಠಕ್ಕೆ ಒಂದೆರಡು ಮನೆಯ ಶ್ರುತಿ ಒಪ್ಪಿದರೆ ಹೆಂಗಸರಿಗೆ ಐದಾರು ಮನೆಯದು ಒಪ್ಪುತ್ತದೆ. ಮುಂದೆ ನಿಂತವರು ತಮ್ಮ ಕಂಠಕ್ಕೆ ಹಿತವಾದುದನ್ನು ಹಿಡಿದುಬಿಟ್ಟರೆ ಉಳಿದ ಅರ್ಧ ಜನ ಮೇಲೆ ಕಿರುಚಬೇಕು, ಇಲ್ಲವೆ ಕೆಳಗೆ ಗೊಣಗಬೇಕು. ಎರಡನೆಯದು ಉಸಿರು: ಎಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆಯಬೇಕು, ಎಲ್ಲಿ ಎಳೆದರೆ ಪದ ಮುರಿದು ಅರ್ಥ ಕೆಡುತ್ತದೆ ಎಂಬುದು. ಮೂರನೆಯದು ಕೈ. ನಮ್ಮ ಅಂಗಳದಲ್ಲಿ ನಾಡಗೀತೆ ಹಾಡುವಾಗ ಹಿಂದಿನ ಸಾಲಿನವರು ಯಾವಾಗಲೂ ಒಂದು ಹೆಜ್ಜೆ ತಡವಾಗಿ ಬರುವುದನ್ನು ನೀವೂ ಕೇಳಿದ್ದೀರಿ. ಅವರನ್ನು ಸೋಮಾರಿಗಳೆಂದು ಬಯ್ಯುವುದು ವಾಡಿಕೆ. ಆದರೆ ಶಬ್ದ ಸೆಕೆಂಡಿಗೆ ಸುಮಾರು ೩೪೦ ಮೀಟರು ಮಾತ್ರ ಓಡುತ್ತದೆ. ೩೪ ಮೀಟರು ಹಿಂದೆ ನಿಂತವನಿಗೆ ಹಾಡು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಗಿಯೇ ಕೇಳುತ್ತದೆ. ಕಿವಿಯನ್ನು ನಂಬಿದವನು ಹಿಂದುಳಿಯಲೇಬೇಕು. ಕಣ್ಣಿಗೆ ಕಾಣುವ ಕೈಯೊಂದಿದ್ದರೆ ಈ ತೊಡಕು ಕಳೆಯುತ್ತದೆ. ನಾಲ್ಕನೆಯದು, ಎಲ್ಲಕ್ಕಿಂತ ಕಷ್ಟವಾದುದು, ಜನ: ಹೆದರಿದವನಿಗೆ ಧೈರ್ಯ ಕೊಡುವುದು, ಕಂಠಸಿರಿಯುಳ್ಳವನು ಇತರರನ್ನು ಮುಳುಗಿಸದಂತೆ ತಡೆಯುವುದು, ಒಂದು ಗಂಟೆಯ ಅಭ್ಯಾಸದಲ್ಲಿ ಯಾರೂ ಬೇಸರದಿಂದ ಎದ್ದು ಹೋಗದಂತೆ ನೋಡಿಕೊಳ್ಳುವುದು. ಇವೆಲ್ಲ ಹುಟ್ಟಿನಿಂದ ಬರುವ ವರಗಳಲ್ಲ. ಕಲಿಸಿದರೆ ಬರುವ ವಿದ್ಯೆಗಳು.

ಕಲಿಸಿದರೆ ಬರುತ್ತದೆ ಎಂಬುದಕ್ಕೆ ಹೊರ ದೇಶಗಳಲ್ಲಿ ಒಳ್ಳೆಯ ದೃಷ್ಟಾಂತಗಳಿವೆ. ೧೮೪೧ರಲ್ಲಿ ಇಂಗ್ಲೆಂಡಿನ ಹಲ್ ಎಂಬ ಊರಿನಲ್ಲಿ ಭಾನುವಾರದ ಶಾಲೆಗಳ ಉಪಾಧ್ಯಾಯರು ಸಭೆ ಸೇರಿ, ಸಾಮಾನ್ಯ ಜನಕ್ಕೆ ಹಾಡಲು ಕಲಿಸುವ ಸುಲಭ ಮಾರ್ಗವೊಂದನ್ನು ಹುಡುಕುವ ಹೊಣೆಯನ್ನು ಜಾನ್ ಕರ್ವೆನ್ ಎಂಬ ತರುಣ ಪಾದ್ರಿಗೆ ಒಪ್ಪಿಸಿದರು. ಆತ ಸಂಗೀತದಲ್ಲಿ ಪಂಡಿತನಲ್ಲ. ತಾನೇ ತಡವರಿಸಿ ಕಲಿತವನು. ನಾರಿಚ್ ನಗರದ ಸಾರಾ ಗ್ಲೋವರ್ ಎಂಬಾಕೆ ಮಕ್ಕಳಿಗಾಗಿ ಮಾಡಿಕೊಂಡಿದ್ದ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಆತ ‘ಟಾನಿಕ್ ಸಾಲ್ಫಾ’ ಎಂಬ ಕ್ರಮವನ್ನು ಬೆಳೆಸಿದ. ಅದರಲ್ಲಿ ಸ್ವರಗಳಿಗೆ ಅಕ್ಷರಗಳೇ ಗುರುತು. ಆಧಾರ ಸ್ವರವನ್ನು ಎಲ್ಲಿ ಬೇಕಾದರೂ ಇಡಬಹುದು. ಸರಳೆ ವರಸೆ ಹಾಡಿದ ಯಾವ ಕನ್ನಡಿಗನಿಗೂ ಇದು ಹೊಸತೆನಿಸದು. ನಮ್ಮ ಷಡ್ಜವೂ ಹೀಗೆಯೇ ಚಲಿಸುವಂಥದು. ಕರ್ವೆನ್ ಅಷ್ಟಕ್ಕೇ ನಿಲ್ಲಲಿಲ್ಲ. ಒಂದೊಂದು ಸ್ವರಕ್ಕೆ ಒಂದೊಂದು ಕೈಮುದ್ರೆಯನ್ನು ಗೊತ್ತುಮಾಡಿದ. ಕಲಿತವರಿಗೆ ಹಂತಹಂತದ ಪರೀಕ್ಷೆಗಳನ್ನೂ ಪ್ರಮಾಣಪತ್ರಗಳನ್ನೂ ಏರ್ಪಡಿಸಿದ. ಕಲಿತವನು ಕಲಿಸುವವನಾಗಲು ಮೆಟ್ಟಿಲುಗಳಾದವು. ವೇಲ್ಸಿನ ಮಿಷನರಿಗಳ ಮೂಲಕ ಈ ಪದ್ಧತಿ ನಮ್ಮ ದೇಶದ ಖಾಸಿ ಮತ್ತು ಮಿಜೋ ಬೆಟ್ಟಗಳಿಗೂ ಬಂದಿತು. ಅಲ್ಲಿನ ಹಳ್ಳಿಗಳ ವೃಂದಗಳು ಇಂದಿಗೂ ಅದೇ ಅಕ್ಷರಗಳನ್ನು ನೋಡಿಕೊಂಡು ಹಾಡುತ್ತವೆ.

ಎರಡನೆಯ ದೃಷ್ಟಾಂತ ಹಂಗೇರಿಯದು. ಅಲ್ಲಿನ ಜೊಲ್ತಾನ್ ಕೊದಾಯ್ (೧೮೮೨–೧೯೬೭) ಗೆಳೆಯ ಬೇಲಾ ಬಾರ್ತೋಕನೊಡನೆ ಹಳ್ಳಿ ಹಳ್ಳಿ ತಿರುಗಿ ಜನಪದ ಗೀತೆಗಳನ್ನು ಸಂಗ್ರಹಿಸಿದವನು, ಲೋಕಪ್ರಸಿದ್ಧನಾದ ಸಂಗೀತಕಾರ. ಅಷ್ಟು ದೊಡ್ಡವನು ೧೯೨೯ರಲ್ಲಿ ಮಕ್ಕಳ ವೃಂದಗಾನವನ್ನು ಕುರಿತು ಒಂದು ಪ್ರಬಂಧ ಬರೆದು ವಿಚಿತ್ರವಾದ ಮಾತೊಂದನ್ನಾಡಿದ. ರಾಜಧಾನಿಯ ಸಂಗೀತ ನಾಟಕ ಮಂದಿರಕ್ಕೆ ಯಾರು ನಿರ್ದೇಶಕರೆಂಬುದಕ್ಕಿಂತ ಕಿಶ್‌ವಾರ್ದವೆಂಬ ಸಣ್ಣ ಊರಿನಲ್ಲಿ ಹಾಡು ಕಲಿಸುವ ಮೇಷ್ಟರು ಯಾರೆಂಬುದೇ ಹೆಚ್ಚು ಮುಖ್ಯವೆಂಬುದು ಅವನ ಅಭಿಪ್ರಾಯ. ಕಾರಣವನ್ನೂ ಕೊಟ್ಟ: ಅಯೋಗ್ಯ ನಿರ್ದೇಶಕನು ಬೇಗನೆ ಸೋತು ಹೊರಬೀಳುತ್ತಾನೆ, ಅಯೋಗ್ಯ ಮೇಷ್ಟರು ಮೂವತ್ತು ವರ್ಷ ಅಲ್ಲೇ ಇದ್ದು ಮೂವತ್ತು ತಂಡದ ಮಕ್ಕಳಲ್ಲಿ ಸಂಗೀತದ ಪ್ರೀತಿಯನ್ನು ಕೊಲ್ಲುತ್ತಾನೆ. ನನ್ನ ನಾಲ್ಕನೆಯ ತರಗತಿಯನ್ನು ನೆನೆದಾಗಲೆಲ್ಲ ಈ ಮಾತು ನನ್ನನ್ನು ಚುಚ್ಚುತ್ತದೆ.

ಕೊದಾಯ್ ಬರೆದು ಸುಮ್ಮನೆ ಕುಳಿತವನಲ್ಲ. ಲಾಯೋಶ್ ಬಾರ್ದೋಶ್ ಮೊದಲಾದ ಅವನ ಶಿಷ್ಯರು ೧೯೩೧ರಲ್ಲಿ ವೃಂದಗಾನಕ್ಕೆಂದೇ ಒಂದು ಪ್ರಕಾಶನವನ್ನೂ, ಎರಡು ವರ್ಷಗಳ ಅನಂತರ ಹಾಡಿಸುವವರಿಗೆಂದೇ ಒಂದು ಪತ್ರಿಕೆಯನ್ನೂ ಹೊರಡಿಸಿದರು. ೧೯೩೪ರಲ್ಲಿ ‘ಹಾಡುವ ತರುಣರು’ ಎಂಬ ಚಳವಳಿ ಮೊದಲಾಯಿತು. ಶಾಲೆ ಶಾಲೆಗಳ ವೃಂದಗಳು ಒಂದೆಡೆ ಸೇರಿ ಹಾಡತೊಡಗಿದವು. ೧೯೫೦ರಲ್ಲಿ ಕೊದಾಯನ ಹುಟ್ಟೂರಾದ ಕೆಚ್ಕೆಮೇತಿನಲ್ಲಿ ದಿನವೂ ಸಂಗೀತ ಕಲಿಸುವ ಪ್ರಾಥಮಿಕ ಶಾಲೆ ತೆರೆಯಿತು. ಅದೇ ಊರಿನಲ್ಲಿ ೧೯೭೫ರಲ್ಲಿ ಅವನ ಹೆಸರಿನ ಸಂಸ್ಥೆಯೊಂದು ಸ್ಥಾಪಿತವಾಗಿ, ಹಲವು ದೇಶಗಳ ಹಾಡಿನ ಅಧ್ಯಾಪಕರು ಅಲ್ಲಿಗೆ ಹೋಗಿ ಕಲಿಯುವಂತಾಯಿತು. ಕರ್ವೆನ್ನನ ಕೈಮುದ್ರೆಗಳನ್ನು ಅವರು ಸಂಕೋಚವಿಲ್ಲದೆ ತೆಗೆದುಕೊಂಡರು. ಹಾಡುಗಳನ್ನು ಮಾತ್ರ ತಮ್ಮ ಹಳ್ಳಿಗಳಿಂದಲೇ ಆರಿಸಿಕೊಂಡರು. ವಿಧಾನವನ್ನು ಎಲ್ಲಿಂದಲಾದರೂ ತರಬಹುದು, ಹಾಡು ಮನೆಯದಾಗಿರಬೇಕು ಎಂಬ ವಿವೇಕ ಇದರಲ್ಲಿದೆ.

ಮೂರನೆಯದು ಎಸ್ಟೋನಿಯ. ಹದಿನಾಲ್ಕು ಲಕ್ಷವೂ ತುಂಬದ ಜನಸಂಖ್ಯೆಯ ನಾಡದು. ೧೮೬೯ರಲ್ಲಿ ತಾರ್ತು ನಗರದಲ್ಲಿ ಮೊದಲ ಗೀತೋತ್ಸವ ನಡೆಯಿತು. ಈಗ ಸಾಮಾನ್ಯವಾಗಿ ಐದು ವರ್ಷಗಳಿಗೊಮ್ಮೆ ತಾಲಿನ್ ನಗರದಲ್ಲಿ ನಡೆಯುತ್ತದೆ. ೨೦೨೫ರ ಜುಲೈಯಲ್ಲಿಯೂ ನಡೆಯಿತು. ಅಲ್ಲಿ ಸುಮಾರು ಮೂವತ್ತು ಸಾವಿರ ಮಂದಿ ಸೇರಿ ಹಾಡುತ್ತಾರೆ. ಪತ್ರಿಕೆಗಳಲ್ಲಿ ಅಚ್ಚಾಗುವುದು ಆ ಜನಸಾಗರದ ಚಿತ್ರ. ಅಚ್ಚಾಗದಿರುವುದು ಅದರ ಹಿಂದಿನ ದುಡಿಮೆ. ಹಾಡುಗಳ ಪಟ್ಟಿ ಬಹಳ ಮೊದಲೇ ಗೊತ್ತಾಗುತ್ತದೆ. ಊರೂರಿನ ವೃಂದನಾಯಕರು ಒಂದೆಡೆ ಸೇರಿ ಆ ಹಾಡುಗಳನ್ನು ಹಿರಿಯರಿಂದ ಅಭ್ಯಾಸಮಾಡುತ್ತಾರೆ. ತಂತಮ್ಮ ಊರಿಗೆ ಹಿಂತಿರುಗಿ ಕಲಿಸುತ್ತಾರೆ. ಪ್ರಾಂತ ಪ್ರಾಂತಗಳಲ್ಲಿ ಪೂರ್ವಪರೀಕ್ಷೆ ನಡೆದು, ಸಿದ್ಧವಾದ ವೃಂದಗಳಿಗೆ ಮಾತ್ರ ಉತ್ಸವಕ್ಕೆ ಪ್ರವೇಶ. ೧೯೮೮ರ ಬೇಸಿಗೆಯ ರಾತ್ರಿಗಳಲ್ಲಿ ಸೋವಿಯತ್ ಆಳ್ವಿಕೆಯ ಕೆಳಗಿದ್ದ ಆ ಜನ ಅದೇ ಬಯಲಿನಲ್ಲಿ ಸೇರಿ ತಮ್ಮ ನಾಡಿನ ಹಾಡುಗಳನ್ನು ಹಾಡಿದರು. ೧೯೯೧ರಲ್ಲಿ ಮತ್ತೆ ಸ್ವತಂತ್ರರಾದರು. ಹಾಡೊಂದರಿಂದಲೇ ಸ್ವಾತಂತ್ರ್ಯ ಬಂದಿತೆಂದು ಚರಿತ್ರೆಯ ವಿದ್ಯಾರ್ಥಿ ಹೇಳಲಾರ. ಆದರೆ ಲಕ್ಷಾಂತರ ಜನ ಒಟ್ಟಿಗೆ ಹಾಡಬಲ್ಲವರಾಗಿದ್ದುದು ತಲೆಮಾರುಗಳ ಕಾಲ ಸಣ್ಣ ಊರುಗಳಲ್ಲಿ ಯಾರೋ ಸಂಜೆಹೊತ್ತು ಹಾಡಿಸುತ್ತ ಬಂದುದರ ಫಲ. ಇದರಲ್ಲಿ ಸಂದೇಹವಿಲ್ಲ.

ವೃಂದನಾಯಕರು ಒಬ್ಬಂಟಿಗರಾಗಬಾರದೆಂದು ಮೇಲೆ ಹೇಳಿದೆನಷ್ಟೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ೧೯೫೯ರಲ್ಲಿ ೩೫ ಮಂದಿ ಸೇರಿ ವೃಂದನಾಯಕರ ಸಂಘವೊಂದನ್ನು ಸ್ಥಾಪಿಸಿದರು. ಅದು ಇಂದು ದೇಶವ್ಯಾಪಿಯಾಗಿದೆ. ೧೯೮೨ರಲ್ಲಿ ವೃಂದಗಾನಕ್ಕೆ ಅಂತರರಾಷ್ಟ್ರೀಯ ಒಕ್ಕೂಟವೇ ಹುಟ್ಟಿತು. ಒಬ್ಬರ ಅಭ್ಯಾಸವನ್ನು ಇನ್ನೊಬ್ಬರು ನೋಡುವುದು, ತಪ್ಪುಗಳನ್ನು ಹೇಳಿಕೊಳ್ಳುವುದು, ಹೊಸ ಹಾಡುಗಳನ್ನು ಹಂಚಿಕೊಳ್ಳುವುದು ಇಂಥ ಸಂಘಗಳ ಕೆಲಸ. ಪಕ್ಕದ ಮದರಾಸಿನಲ್ಲಿ ಎಂ. ಬಿ. ಶ್ರೀನಿವಾಸನ್ (೧೯೨೫–೧೯೮೮) ಅವರು ಕಟ್ಟಿದ ತರುಣರ ವೃಂದ ಭಾರತದ ಹಲವು ಭಾಷೆಗಳಲ್ಲಿ ಹಾಡಿತು. ಅವರು ತೀರಿಕೊಂಡ ಮೇಲೂ ಅವರಿಂದ ಕಲಿತವರು ಅದನ್ನು ಮುಂದುವರಿಸಿದರು. ಗುರು ಹೋದರೂ ವೃಂದ ಉಳಿಯಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಇದಕ್ಕೆ ಕೆಲವರು ಆಕ್ಷೇಪಣೆ ತರಬಹುದು. “ನಮ್ಮ ಸಂಗೀತ ಒಬ್ಬ ಹಾಡುವ ಸಂಗೀತ, ರಾಗದ ಸೂಕ್ಷ್ಮ ನೂರು ಬಾಯಲ್ಲಿ ಹರಿದುಹೋಗುತ್ತದೆ, ವೃಂದಗಾನ ನಮ್ಮದಲ್ಲ” ಎನ್ನುವವರಿದ್ದಾರೆ. ಮದುವೆಯ ಮನೆಯಲ್ಲಿ ಸೋಬಾನೆ ಹೇಳುವ ಅಜ್ಜಿಯನ್ನು ಅವರು ಕೇಳಿಲ್ಲವೆ? ಅಜ್ಜಿ ಒಂದು ಸಾಲು ಎತ್ತಿಕೊಡುತ್ತಾಳೆ. ಹತ್ತು ಮಂದಿ ಹಿಂದೆ ಹೇಳುತ್ತಾರೆ. ಭಜನೆಯ ಮೇಳವೂ ಹಾಗೆಯೇ, ಕೋಲಾಟದ ಪದವೂ ಹಾಗೆಯೇ. ಆ ಅಜ್ಜಿಯೂ ವೃಂದನಾಯಕಿಯೇ ಸರಿ; ಮೂವತ್ತು ಮದುವೆಗಳಲ್ಲಿ ಹಿರಿಯಳೊಬ್ಬಳ ಹಿಂದೆ ಹೇಳಿ ಹೇಳಿ ಆ ಸ್ಥಾನಕ್ಕೆ ಬಂದವಳು. ಅವಳಿಗೆ ಶಿಕ್ಷಣವಿತ್ತು. ಆ ಶಿಕ್ಷಣದ ಸರಪಳಿ ಇಂದು ಕಡಿದಿದೆ. ಅದಕ್ಕೆ ಪ್ರತಿಯಾಗಿ ನಾವು ಇನ್ನೊಂದನ್ನು ಕಟ್ಟಿಲ್ಲ. “ಪಾಠಕ್ಕೇ ಅಧ್ಯಾಪಕರಿಲ್ಲದಾಗ ಹಾಡಿಗೆ ಎಲ್ಲಿಂದ ತರೋಣ?” ಎನ್ನುವವರೂ ಇದ್ದಾರೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ನಾನು ಹೊಸ ಹುದ್ದೆಯನ್ನು ಕೇಳುತ್ತಿಲ್ಲ. ಈಗಾಗಲೇ ಹಾಡಿಸುತ್ತಿರುವವರಿಗೆ ಕಲಿಯುವ ಅವಕಾಶವನ್ನು ಕೇಳುತ್ತಿದ್ದೇನೆ.

ನಾಡಗೀತೆಯನ್ನೇ ನೋಡಿ. ಕುವೆಂಪು ಅವರ ಗೀತೆಯನ್ನು ಸರ್ಕಾರ ೨೦೦೪ರಲ್ಲಿ ನಾಡಗೀತೆಯೆಂದು ಅಂಗೀಕರಿಸಿತು. ಯಾವ ಧಾಟಿಯಲ್ಲಿ ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಬಹುಕಾಲ ನಡೆದು, ೨೦೨೨ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡಬೇಕೆಂದು ಆಜ್ಞೆಯಾಯಿತು. ಅದೇ ವರ್ಷ ಅಕ್ಟೋಬರ್ ೨೮ರಂದು ‘ಕೋಟಿ ಕಂಠ ಗಾಯನ’ವೆಂದು ನಾಡಿನಾದ್ಯಂತ ಜನ ಸೇರಿ ಕನ್ನಡದ ಹಾಡುಗಳನ್ನು ಹಾಡಿದರು. ಇವೆರಡೂ ಸಂತೋಷದ ಸಂಗತಿಗಳೇ. ಧಾಟಿ ಗೊತ್ತಾಯಿತು, ಕಾಲ ಗೊತ್ತಾಯಿತು, ಕೋಟಿ ಕಂಠಗಳಿರುವುದೂ ಗೊತ್ತಾಯಿತು. ಆದರೆ ಪ್ರತಿದಿನ ಬೆಳಗ್ಗೆ ಆ ಹಾಡನ್ನು ಮಕ್ಕಳಿಂದ ಹಾಡಿಸುವ ಮೇಷ್ಟರಿಗೆ ಶ್ರುತಿ ಹಿಡಿಯುವುದನ್ನು, ಕೈ ಎತ್ತುವುದನ್ನು ಕಲಿಸುವವರು ಯಾರೆಂಬುದು ಗೊತ್ತಾಗಲಿಲ್ಲ. ಎರಡೂವರೆ ನಿಮಿಷದಲ್ಲಿ ಮುಗಿಸಬೇಕೆಂದು ಓಡುವ ಹಾಡಿಗೂ, ಎರಡೂವರೆ ನಿಮಿಷ ಒಂದೇ ಉಸಿರಾಗಿ ಬಾಳುವ ಹಾಡಿಗೂ ಇರುವ ಅಂತರವನ್ನು ಆಜ್ಞೆಯಿಂದ ತುಂಬಲಾಗದು.

ಬರಿಯ ದೂರು ಹೇಳಿ ನಿಲ್ಲಿಸುವುದು ಸರಿಯಲ್ಲ. ಆದುದರಿಂದ ನನಗೆ ತೋಚಿದ ಕೆಲವು ಸಲಹೆಗಳನ್ನು ಪೂಜ್ಯ ಅಧ್ಯಾಪಕರ ಮತ್ತು ಗೆಳೆಯರ ಮುಂದೆ ಇಡುತ್ತೇನೆ. ಒಂದು, ಪ್ರತಿ ವರ್ಷ ರಜೆಯಲ್ಲಿ ಜಿಲ್ಲೆಯ ಕಾಲೇಜುಗಳೆಲ್ಲ ಸೇರಿ ಮೂರು ದಿನದ ಶಿಬಿರವನ್ನು ನಡೆಸಲಿ. ಪ್ರತಿ ಕಾಲೇಜಿನಿಂದ ಒಬ್ಬ ಅಧ್ಯಾಪಕರು, ಇಬ್ಬರು ವಿದ್ಯಾರ್ಥಿಗಳು ಬರಲಿ. ಅಲ್ಲಿ ಕಲಿಸುವುದು ಹೊಸ ಹಾಡನ್ನಲ್ಲ, ಹಾಡಿಸುವ ಬಗೆಯನ್ನು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ವಾಂಸರ ನೆರವನ್ನು ಬೇಡಬಹುದು. ನಮ್ಮ ಊರಿನ ಭಜನೆಯ ಮುಖಂಡರನ್ನೂ, ಇಗರ್ಜಿಯ ವೃಂದದವರನ್ನೂ, ಸೋಬಾನೆಯ ಅಜ್ಜಿಯನ್ನೂ ಅದೇ ಶಿಬಿರಕ್ಕೆ ಗುರುಗಳಾಗಿ ಕರೆಯಬಹುದು. ಎರಡು, ಯಾವ ವೃಂದಕ್ಕೂ ಒಬ್ಬನೇ ನಾಯಕನಿರಬಾರದು. ಪ್ರತಿ ಸಮಾರಂಭದಲ್ಲಿ ಒಂದು ಹಾಡನ್ನಾದರೂ ವಿದ್ಯಾರ್ಥಿಯೊಬ್ಬನು ಹಾಡಿಸಲಿ, ತಪ್ಪಿದರೆ ತಪ್ಪಲಿ. ಮೂರು, ವೃಂದಕ್ಕೊಂದು ಪುಸ್ತಕವಿರಲಿ. ಯಾವ ಹಾಡಿಗೆ ಯಾವ ಶ್ರುತಿ ಒಪ್ಪಿತು, ಎಲ್ಲಿ ಉಸಿರೆಳೆದೆವು, ಎಲ್ಲಿ ಎಡವಿದೆವು ಎಂಬುದನ್ನು ಬರೆದಿಟ್ಟರೆ ವರ್ಗವಾಗಿ ಹೋದವರ ಅನುಭವ ಬೀರುವಿನಲ್ಲಾದರೂ ಉಳಿಯುತ್ತದೆ. ನಾಲ್ಕು, ಪಕ್ಕದ ಕಾಲೇಜಿನವರ ಅಭ್ಯಾಸವನ್ನು ವರ್ಷಕ್ಕೊಮ್ಮೆ ಹೋಗಿ ನೋಡೋಣ. ಸ್ಪರ್ಧೆಯ ದಿನವಲ್ಲ, ಅಭ್ಯಾಸದ ದಿನ. ಐದನೆಯದಕ್ಕೆ ಹಣವೂ ಬೇಡ, ಸುತ್ತೋಲೆಯೂ ಬೇಡ: ಇನ್ನು ಮುಂದೆ ಯಾರೂ ಯಾರಿಗೂ “ತುಟಿ ಮಾತ್ರ ಆಡಿಸು” ಎಂದು ಹೇಳದಿರಲಿ.

ಈ ಲೇಖನವನ್ನು ಬರೆಯುವ ಮೊದಲು ಆ ಅಧ್ಯಾಪಕಿಗೆ ಫೋನು ಮಾಡಿ, “ನಮಗೆ ಹಾಡಿಸುವುದನ್ನು ನೀವೇಕೆ ಕಲಿಸಲಿಲ್ಲ?” ಎಂದು ಸಲಿಗೆಯಿಂದ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಯಾರೂ ಕಲಿಸಿರಲಿಲ್ಲವಪ್ಪ. ನಾನೂ ದಿನವೂ ಹೆದರಿಕೊಂಡೇ ನಿಲ್ಲುತ್ತಿದ್ದೆ. ಕೇಳೋಣವೆಂದರೆ ಯಾರನ್ನು ಕೇಳಲಿ?” ಎಂದರು. ನಾವು ಇಪ್ಪತ್ತೆಂಟು ಮಂದಿಯೂ ಅವರನ್ನು ಧೈರ್ಯದ ಮೂರ್ತಿಯೆಂದೇ ತಿಳಿದಿದ್ದೆವು!

ಮುಂದಿನ ಸೋಮವಾರ ನಾಲ್ಕು ಗಂಟೆಗೆ ಕೊನೆಯ ಕೊಠಡಿಯನ್ನು ತೆರೆಸಬೇಕೆಂದು ಪ್ರಾಂಶುಪಾಲರಲ್ಲಿ ಬಿನ್ನಹ ಮಾಡಿಕೊಂಡಿದ್ದೇವೆ. ಅವರು ದಯವಿಟ್ಟು ಒಪ್ಪಿದ್ದಾರೆ. ಬೀರುವಿನ ಬೀಗದ ಕೈಯೂ ಸಿಕ್ಕಿದೆ. ಹಾಡು ಬರುವವರು ಬನ್ನಿ, ಬಾರದವರೂ ಬನ್ನಿ. ಸರದಿಯ ಮೇಲೆ ಒಬ್ಬೊಬ್ಬರೂ ಮುಂದೆ ನಿಂತು ಕೈ ಎತ್ತಿ ನೋಡೋಣ.

(ಅಂತಿಮ ಬಿ.ಎ. ತರಗತಿ)